ಮೂಸಪ್ಪನ ಹಸಿರು ದೀಪ

ಬೆವರು ಮಾತಾಡಿದರೆ ಏನಾಗುತ್ತದೆ?

ನಮ್ಮ ಫ್ಯಾಕ್ಟರಿಯಲ್ಲಿ ಮಾತಾಡಿತು. ಮದ್ದೂರಿನಾಚೆ ಹೆದ್ದಾರಿಗೆ ಅಂಟಿಕೊಂಡಿರುವ ಗಾರ್ಮೆಂಟ್ಸ್ ನಮ್ಮದು. ಇಲ್ಲಿ ಹೊಲಿದ ಅಂಗಿಯನ್ನು ಇಲ್ಲಿ ಯಾರೂ ತೊಡುವುದಿಲ್ಲ, ಎಲ್ಲ ಹಡಗು ಹತ್ತುತ್ತದೆ. ಅಂಥ ಜಾಗಕ್ಕೆ ಒಂದು ಬೆಳಿಗ್ಗೆ ಬೀರುವಿನಷ್ಟು ಎತ್ತರದ ಬಿಳಿ ಯಂತ್ರವೊಂದು ಬಂದು ಇಳಿಯಿತು. ಜೊತೆಗೆ ಡಾಕ್ಟರ್ ಬಿದ್ದಪ್ಪ ಬಂದರು. ಕೊಡಗಿನವರು, ಬೆವರಿನ ಹಿಂದೆಯೇ ಆಯಸ್ಸು ಕಳೆದ ವಿಜ್ಞಾನಿ.

ಅವರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ವಿವರಿಸಿದರು. ಬಿಸಿಲಿಗೆ ಸುರಿಯುವ ಬೆವರು ಬೇರೆ, ಹೆದರಿಕೆಗೆ ಕಿತ್ತುಕೊಂಡು ಬರುವ ಬೆವರು ಬೇರೆ. ಮನುಷ್ಯ ಹೆದರಿದಾಗ, ಅವಮಾನಪಟ್ಟಾಗ, ಒಳಗೇ ಬೆಂದಾಗ ಅಂಗೈಯಲ್ಲಿ ಒಂದು ದ್ರವ್ಯ ಊರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನಮ್ಮ ಮೂಗಿಗೆ ಹತ್ತುವುದಿಲ್ಲ. ಆದರೆ ಹತ್ತಿಯ ನೂಲನ್ನು ಹಿಡಿದರೆ ಬಿಡುವುದಿಲ್ಲ, ಇಸ್ತ್ರಿಗೂ ಜಗ್ಗುವುದಿಲ್ಲ. ಯಂತ್ರದೊಳಗೆ ಅಂಗಿ ಇಟ್ಟರೆ ಅದರ ಮೇಲೆ ಬೆಚ್ಚಗೆ ಗಾಳಿ ಊದಿ, ಆ ಗಾಳಿಯನ್ನು ಮೂಸಿ, ಯಂತ್ರ ಒಂದು ಅಂಕಿ ತೋರಿಸುತ್ತದೆ. ಮೂವತ್ತರೊಳಗಿದ್ದರೆ ಹಸಿರು ದೀಪ, ದಾಟಿದರೆ ಕೆಂಪು.

ಆ ದೀಪಕ್ಕೆ ಒಂದು ಒಪ್ಪಂದವೇ ನೇತುಬಿದ್ದಿತ್ತು. ಸಮುದ್ರದಾಚೆಯ ಹನ್ನೊಂದು ದೇಶಗಳು ಸೇರಿ ನಮ್ಮ ದೇಶದ ಜೊತೆ ಮುಕ್ತ ವ್ಯಾಪಾರಕ್ಕೆ ಸಹಿ ಹಾಕಿದ್ದವು. ನೋವಿಲ್ಲದ ಸರಕಿಗೆ ಸುಂಕವಿಲ್ಲ ಎಂಬುದೇ ಅದರ ಮೊದಲ ಷರತ್ತು. ಹಸಿರು ಅಂಗಿ ನೇರವಾಗಿ ಅವರ ಅಂಗಡಿಗೆ ಹೋಗುತ್ತದೆ. ಕೆಂಪು ಅಂಗಿಗೆ ಬೀಳುವ ಸುಂಕ ನೋಡಿದರೆ ಅದನ್ನು ಸುಟ್ಟುಹಾಕುವುದೇ ವಾಸಿ. ಕೈಗೆ ಗ್ಲೌಸ್ ಹಾಕಿ ಮೋಸ ಮಾಡೋಣವೆಂದರೆ ಅದೂ ಆಗದು, ಕೈಯ ವಾಸನೆಯೇ ಇಲ್ಲದ ಅಂಗಿಗೂ ಕೆಂಪೇ ಬೀಳುತ್ತದೆ.

ಪ್ಯಾಕಿಂಗಿನಲ್ಲಿದ್ದ ನನ್ನನ್ನು ಯಂತ್ರದ ಕೋಣೆಗೆ ಹಾಕಿದರು. ಅಂಗಿ ಇಡು, ಗುಂಡಿ ಒತ್ತು, ಅಂಗಿ ತೆಗೆ, ಅಷ್ಟೇ ಕೆಲಸ. ಮೊದಲ ದಿನ ಏಳನೇ ಲೈನಿನ ಅಂಗಿ ಇಟ್ಟೆ. ನನ್ನ ಅಕ್ಕ ಪ್ರಮೀಳಾ ಕಾಲರ್ ಹೊಲಿಯುವ ಲೈನು ಅದು. ಐವತ್ತೆರಡು! ದೀಪ ಕೆಂಪಗೆ ಉರಿಯಿತು. ಫ್ಯಾಕ್ಟರಿ ಮ್ಯಾನೇಜರ್ ಸುದರ್ಶನ್ ಅವರ ಮುಖ ಒಗೆದು ಹಿಂಡಿದ ಬಟ್ಟೆಯಂತಾಯಿತು.

ಆಮೇಲೆ ನಡೆದದ್ದನ್ನು ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ. ಗಂಟೆಗೆಷ್ಟು ಪೀಸು ಎಂದು ಬರೆದು ಮರ್ಯಾದೆ ತೆಗೆಯುತ್ತಿದ್ದ ಬೋರ್ಡು ಆ ವಾರವೇ ಗುಜರಿಗೆ ಹೋಯಿತು. ಟಾಯ್ಲೆಟ್ಟಿಗೆ ಹೋಗಲು ಟೋಕನ್ ಕೇಳುವ ಪದ್ಧತಿ ನಿಂತಿತು. ತಲೆಯ ಮೇಲೆ ಹೊಸ ಫ್ಯಾನುಗಳು ತಿರುಗಿದವು. ತಾಯಿಯ ಹೆಸರು ಹಿಡಿದೇ ಬಯ್ಯುತ್ತಿದ್ದ ಸೂಪರ್‌ವೈಸರುಗಳು "ಅಮ್ಮಾ, ಊಟ ಆಯ್ತಾ?" ಎಂದು ಕೇಳುವುದೇನು, ಹೆಂಗಸರು ನಗುವುದೇನು! ಯಂತ್ರಕ್ಕೆ ಮೂಸಪ್ಪ ಎಂದು ಹೆಸರಿಟ್ಟವಳು ದೇವೀರಮ್ಮ. ಏಳನೇ ಲೈನಿನ ಹಿರಿಯಳು, ಬಾಯಿ ಜೋರು. ಯಾವನಾದರೂ ಸೂಪರ್‌ವೈಸರ್ ಹಳೆಯ ಚಾಳಿಗೆ ದನಿ ಏರಿಸಿದರೆ ಸಾಕು, ಮಿಷಿನ್ನು ನಿಲ್ಲಿಸಿ, "ಬಯ್ಯಪ್ಪಾ, ಇನ್ನೊಂದ್ಸಲ ಬಯ್ಯಿ. ಮೂಸಪ್ಪ ಒಳಗೇ ಕುಂತವ್ನೆ, ಕೇಳುಸ್ಕತಾನೆ," ಎನ್ನುತ್ತಿದ್ದಳು. ಇಡೀ ಲೈನು ಹೋ ಎಂದು ನಗುತ್ತಿತ್ತು.

ಮನೆಯಲ್ಲಿ ಅಕ್ಕ ಇದನ್ನೆಲ್ಲ ನಮ್ಮವ್ವನಿಗೆ ನಟಿಸಿ ತೋರಿಸುತ್ತಿದ್ದಳು. ಅವ್ವ ರಾಗಿ ಮುದ್ದೆ ಕಟ್ಟುತ್ತಾ ಕೇಳಿ, "ಅಂಗಾದ್ರೆ ನಿಮ್ಮಪ್ಪ ಇದ್ದಾಗ್ಲೇ ಅದನ್ನ ತಂದು ಮನೇಲಿ ಮಡಗ್ಬೇಕಿತ್ತು ಕಣ್ಲಾ. ನನ್ನ ಸೀರೆ ಮೂಸಿದ್ರೆ ಮಿಷಿನ್ನೇ ಸುಟ್ಟೋಗದು," ಎಂದಳು. ನಾವು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಸತ್ಯ ಹೇಳುತ್ತೇನೆ, ನಮ್ಮ ಮನೆಯಲ್ಲಿ ಅಷ್ಟು ನಗು ಮೊದಲು ಕೇಳಿರಲಿಲ್ಲ. ದೂರದ ಯಾರೋ ನಮ್ಮ ನೋವಿಗೆ ಬೆಲೆ ಕಟ್ಟಿದ್ದಾರೆ, ಬೆಲೆ ಕಟ್ಟಿದ್ದರಿಂದಲೇ ನಮ್ಮ ಮೇಲೆ ಕೈಯೆತ್ತುವವರಿಲ್ಲ ಎಂದುಕೊಂಡಿದ್ದೆ.

ಆಮೇಲೆ ನಮ್ಮವ್ವ ಸತ್ತಳು. ಬೆಳಿಗ್ಗೆ ಒಲೆ ಹಚ್ಚಲು ಕೂತವಳು ಅಲ್ಲೇ ಗೋಡೆಗೆ ಒರಗಿಬಿಟ್ಟಳು.

ತಿಥಿ ಮುಗಿಸಿ ಅಕ್ಕ ಕೆಲಸಕ್ಕೆ ಬಂದಳು. ಅಳಲಿಲ್ಲ, ತಲೆ ತಗ್ಗಿಸಿ ಕಾಲರ್ ಹೊಲಿದಳು. ಸಂಜೆಯ ಹೊತ್ತಿಗೆ ಏಳನೇ ಲೈನಿನ ಅಂಗಿಗಳೆಲ್ಲ ನನ್ನ ಕೈಯಲ್ಲೇ ಕೆಂಪಾದವು. ಕಾಲರನ್ನಷ್ಟೇ ಬಿಚ್ಚಿ ಯಂತ್ರದೊಳಗಿಟ್ಟೆ. ಎಪ್ಪತ್ತು. ಅವ್ವನನ್ನು ಕಳೆದುಕೊಂಡವನು ನಾನೂ ಹೌದು. ಆದರೆ ನಾನು ಬಟ್ಟೆ ಹೊಲಿಯುವುದಿಲ್ಲವಲ್ಲ, ನನ್ನ ದುಃಖ ವ್ಯಾಪಾರಕ್ಕೆ ಅಡ್ಡಿಯಾಗಲಿಲ್ಲ!

ಸುದರ್ಶನ್ ಅಕ್ಕನನ್ನು ಯಂತ್ರದ ಕೋಣೆಗೆ ಕರೆಸಿದರು. ಬಯ್ಯಲಿಲ್ಲ. ತುಂಬಾ ಮೆತ್ತಗೆ ಮಾತಾಡಿದರು.

"ನೋಡಮ್ಮ ಪ್ರಮೀಳಾ, ನಿನ್ನ ಮನಸ್ಸಿಗೆ ನೋವಾಗಿದೆ. ನೋವಿರುವವರ ಕೈಲಿ ಕೆಲಸ ಮಾಡಿಸಬಾರದು ಅಂತ ಒಪ್ಪಂದದಲ್ಲೇ ಇದೆ. ಮನಸ್ಸು ಸರಿಹೋದ ಮೇಲೆ ಬಾ. ಸಂಬಳ ಮಾತ್ರ ಇರೋದಿಲ್ಲ."

"ಯಾವಾಗ ಸರಿಹೋಯ್ತದೆ ಸಾ?"

"ಅದನ್ನ ಮಿಷಿನ್ನು ಹೇಳುತ್ತೆ."

ನನಗೆ ಮೈಯೆಲ್ಲ ಉರಿಯಿತು. ಸೂಪರ್‌ವೈಸರಿನ ಬೈಗುಳವೂ ಹೆತ್ತವಳ ಸಾವೂ ಈ ಯಂತ್ರಕ್ಕೆ ಒಂದೇ! ಯಾಕೆ ನೊಂದಿದ್ದಾಳೆ ಎಂದು ಕೇಳುವ ಬುದ್ಧಿ ಅದಕ್ಕಿಲ್ಲ, ಇರುವವರು ಕೇಳುವುದಿಲ್ಲ. ನೋವು ಕೊಡಬೇಡಿ ಎಂದು ಬರೆದಿದ್ದ ಒಪ್ಪಂದವನ್ನು ಇವರು ನೋಯಬೇಡಿ ಎಂದು ಓದಿಕೊಂಡರು. ಅದಾದ ಮೇಲೆ ಹೆಂಗಸರು ಮನೆಯ ಸಾವನ್ನೇ ಬಚ್ಚಿಡತೊಡಗಿದರು. ಕಟಿಂಗಿನ ಹುಡುಗಿಯೊಬ್ಬಳು ತಮ್ಮನನ್ನು ಮಣ್ಣು ಮಾಡಿ ಬಂದು, ಹಣೆಗೆ ಕುಂಕುಮ ಇಟ್ಟುಕೊಂಡು, ಕ್ಯಾಂಟೀನಿನಲ್ಲಿ ಜೋರಾಗಿ ಜೋಕು ಹೇಳಿದ್ದನ್ನು ನೋಡಿದೆ. ಸಾಕಾಯಿತು.

ದಾರಿ ತೋರಿಸಿದವಳು ದೇವೀರಮ್ಮ. ಊಟದ ಹೊತ್ತಿನಲ್ಲಿ ಡಬ್ಬಿ ಮುಚ್ಚಿ ನನ್ನನ್ನು ಕೇಳಿದಳು, "ಚಲುವ, ಅದು ಒಂದು ಅಂಗಿಗೆ ಒಂದೇ ಅಂಕಿ ತಾನೇ ಕೊಡದು?"

"ಹೂಂ ಕನಕ್ಕ. ಅಂಗೀನ ಇಡಿಯಾಗಿ ಮೂಸ್ತದೆ."

"ಒಂದು ಅಂಗಿ ನಲವತ್ತು ಜನದ ಕೈ ದಾಟ್ತದೆ. ಮತ್ತೆ ಒಬ್ಳೇ ಯಾಕ್ಲಾ ಹೊರ್ಬೇಕು? ಚಟ್ಟ ಹೊರೋವಾಗ ಹೆಗಲು ಬದ್ಲಾಯ್ಸಲ್ವಾ?"

ಮಾರನೇ ದಿನ ಅಕ್ಕ ನಗುಮುಖ ಹೊತ್ತು ಬಂದು, ಸರಿಹೋಗಿದ್ದೇನೆ ಎಂದಳು. ಸುದರ್ಶನ್ ಕೂರಿಸಿ ನೋಡೋಣ ಎಂದರು. ಲೈನಿನ ಹೆಂಗಸರು ಅಕ್ಕನ ಕಾಲರುಗಳನ್ನು ಮೇಜಿನ ಕೆಳಗಿಂದಲೇ ಹಂಚಿಕೊಂಡರು ನೋಡಿ! ಅಕ್ಕ ಎರಡು ಕಾಲರ್ ಹೊಲಿದು, ಪಕ್ಕದವಳ ಜೇಬಿಗೊಂದು ಹೊಲಿಗೆ ಹಾಕಿ, ಆಚೆಯವಳ ತೋಳಿಗೊಂದು ಹಾಕಿ, ಗುಂಡಿ ಕಾಜಕ್ಕೆ ಹೋಗುತ್ತಿದ್ದಳು. ಕಾಲರ್ ಕಂಡೇ ಇರದವರು ಕಾಲರ್ ಹೊಲಿದರು. ಸೂಜಿ ಚುಚ್ಚಿಕೊಂಡರು, ಬಿಚ್ಚಿದರು, ಮತ್ತೆ ಹೊಲಿದರು. ಒಬ್ಬಳ ದುಃಖ ನಲವತ್ತು ಕೈಗೆ ಹರಿದು ತೆಳ್ಳಗಾಯಿತು. ಸಂಜೆ ಅಂಗಿ ಇಟ್ಟು ಗುಂಡಿ ಒತ್ತಿದೆ. ಇಪ್ಪತ್ತೆಂಟು. ಹಸಿರು! ಗಾಜಿನಾಚೆ ನಿಂತಿದ್ದ ಅಕ್ಕನಿಗೆ ಹೆಬ್ಬೆರಳೆತ್ತಿ ತೋರಿಸಿದೆ. ಅವಳು ಅಲ್ಲೇ ನೆಲದ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿ, ಅವ್ವ ಸತ್ತ ಮೇಲೆ ಮೊದಲ ಸಲ ಮನಸಾರೆ ಅತ್ತಳು. ಸುತ್ತ ನಿಂತವರು ಅವಳನ್ನು ಅಳಲು ಬಿಟ್ಟರು.

ನಾವು ಮಾಡಿದ ತಪ್ಪು ಒಂದೇ. ಅಷ್ಟು ಚಂದದ ಕೆಲಸವನ್ನು ಕ್ಯಾಮೆರಾದ ಕೆಳಗೆ ಮಾಡಿದೆವು.

ಕೆಲವು ವಾರ ಕಳೆದ ಮೇಲೆ ನನಗೆ ಅನುಮಾನ ಬಂತು. ಎಲ್ಲ ಲೈನಿನ ಅಂಗಿಗಳೂ ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಎಂದೇ ಬರುತ್ತಿದ್ದವು. ಮೂವತ್ತನ್ನು ಮುಟ್ಟುತ್ತಿರಲಿಲ್ಲ, ಕೆಳಗೂ ಇಳಿಯುತ್ತಿರಲಿಲ್ಲ. ಯಾರೋ ಅಳೆದು ಹಾಕಿದಂತೆ. ಒಂದು ಅಂಗಿಯನ್ನು ಬಿಚ್ಚಿ ಬೆನ್ನು, ಎದೆ, ಕಾಲರ್, ತೋಳು ಎಂದು ಬೇರೆ ಬೇರೆ ಇಟ್ಟು ನೋಡಿದೆ. ಎಲ್ಲ ತಣ್ಣಗಿದ್ದವು. ಕೊನೆಗೆ ಮುಂಗೈಗೆ ಬರುವ ಪಟ್ಟಿ, ಕಫ್ ಎನ್ನುತ್ತೇವಲ್ಲ, ಅದನ್ನು ಇಟ್ಟೆ. ಎಂಬತ್ತಾರು! ಆ ಯಂತ್ರದಲ್ಲಿ ಅಂಥ ಅಂಕಿಯನ್ನು ನಾನು ನೋಡಿಯೇ ಇರಲಿಲ್ಲ.

ಕಫ್‌ಗಳು ಈಗ ನಮ್ಮ ಯಾವ ಲೈನಿನಲ್ಲೂ ತಯಾರಾಗುತ್ತಿರಲಿಲ್ಲ. ಸಿದ್ಧವಾಗಿ ಲಿಫ್ಟಿನಲ್ಲಿ ಬರುತ್ತಿದ್ದವು, ನೆಲಮಾಳಿಗೆಯಿಂದ. ಊಟದ ಹೊತ್ತಿನಲ್ಲಿ ನಾನು ಖಾಲಿ ಕ್ರೇಟಿನ ಜೊತೆ ಆ ಲಿಫ್ಟಿನಲ್ಲಿ ಮುದುರಿ ಕೂತು ಇಳಿದೆ.

ಕೆಳಗೆ ಕಿಟಕಿಯಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ. ಗುಜರಿಗೆ ಹೋಯಿತೆಂದುಕೊಂಡಿದ್ದ ಬೋರ್ಡು ಗೋಡೆಯ ಮೇಲಿತ್ತು. ಕಂಪನಿ ಹಾಸ್ಟೆಲಿನ ಹುಡುಗಿಯರು ಸಾಲಾಗಿ ಕೂತಿದ್ದರು, ಮನೆ ದೂರ ಇರುವವರನ್ನೇ ಆರಿಸಿ ಇಳಿಸಿದ್ದರು. ಸೂಪರ್‌ವೈಸರು ಊಟಕ್ಕೆ ಹೋಗಿದ್ದ. ಇವರಿಗೆ ಊಟ ಮಿಷಿನ್ನಿನ ಮುಂದೆಯೇ.

"ಯಾರ್ರೀ ನೀವು?" ಎಂದಳು ಸುರಪುರದ ಕಡೆಯ ಮಾಳಮ್ಮ. ಇಪ್ಪತ್ತರ ಹುಡುಗಿ, ಕಣ್ಣ ಕೆಳಗೆ ಕಪ್ಪು. "ಬಯ್ಯಾಕ ಬಂದೀರೇನು? ಹಂಗಿದ್ರ ಲಗೂನ ಬಯ್ದು ಹೋಗ್ರಿ, ಅನ್ನ ತಣ್ಣಗಾಗ್ತದ."

ನಾನು ಹೇಳಿದೆ. ಮೇಲೆ ಅಕ್ಕನ ದುಃಖವನ್ನು ಹಂಚಿಕೊಂಡದ್ದು, ಅದನ್ನು ಸುದರ್ಶನ್ ಕ್ಯಾಮೆರಾದಲ್ಲಿ ನೋಡಿ ಕಲಿತದ್ದು. ಎಲ್ಲ ಬೈಗುಳವನ್ನೂ ಒಂದೇ ಕಡೆ ಸುರಿದು, ಅಲ್ಲಿ ಹೊಲಿದ ಚೂರನ್ನು ಒಂದೊಂದು ಅಂಗಿಗೆ ಒಂದೊಂದರಂತೆ ಹಂಚಿದರೆ ಮೂಸಪ್ಪನಿಗೆ ಏನೂ ಗೊತ್ತಾಗುವುದಿಲ್ಲ. ಮಾಳಮ್ಮ ತುತ್ತು ಕೈಯಲ್ಲೇ ಹಿಡಿದು ಕೇಳಿದಳು.

"ಅಂದ್ರ ಮ್ಯಾಲ ಎಲ್ಲಾರ ಅಂಗ್ಯಾಗೂ ನಾವ ಇದ್ದೀವಿ ಅನ್ರಿ."

ಮೇಲೆ ಬಂದು ಅಕ್ಕನಿಗೂ ದೇವೀರಮ್ಮನಿಗೂ ತಿಳಿಸಿದೆ. ಅಕ್ಕ ಬಿಳುಚಿಕೊಂಡಳು. "ನನ್ ದುಕ್ಕ ಇಳ್ಸಕ್ಕೆ ಮಾಡಿದ್ದ ಉಪಾಯ, ಅವ್ರ್ ಕುತ್ತಿಗೆಗೆ ಬಂತಲ್ಲೋ."

"ಅಳ್ತಾ ಕುಂತ್ಕಂಡ್ರೆ ಅಂಕಿ ಏರ್ತದೆ ಅಷ್ಟೆಯಾ," ಎಂದಳು ದೇವೀರಮ್ಮ. "ಹಂಚಿದ್ದನ್ನ ಈಗ ಒಟ್ಟು ಮಾಡನ. ಒಂದು ಅಂಗೀಗೆ ಕತ್ತರಿಸಿದ ತುಂಡೆಲ್ಲ ಕೆಳಕ್ಕೆ ಕಳ್ಸು. ಕಾಲರ್‌ನಿಂದ ಗುಂಡಿವರೆಗೂ ಅವ್ರೇ ಹೊಲೀಲಿ. ಡಾಕ್ಟ್ರು ಬತ್ತಾರಲ್ಲ ಪರೀಕ್ಷೆಗೆ, ಅವ್ರ ಕಣ್ಮುಂದೆ ಇಡನ."

ಕಳಿಸಿದೆ. ಎರಡು ದಿನಕ್ಕೆ ಕ್ರೇಟಿನ ತಳದಲ್ಲಿ ಅಂಗಿ ಬಂತು. ತಿಳಿನೀಲಿ ಬಣ್ಣ, ಒಂದು ಎಳೆ ಆಚೀಚೆಯಾಗದ ಹೊಲಿಗೆ. ಬೀಗ ಹಾಕಿದ ಕೋಣೆಯಲ್ಲಿ ಕೂತು ಅಷ್ಟು ಚೆನ್ನಾಗಿ ಹೊಲಿದಿದ್ದರು.

ಪರೀಕ್ಷೆಯ ದಿನ ಯಂತ್ರದ ಕೋಣೆಯ ಗೋಡೆಗೆ ದೊಡ್ಡ ಪರದೆ ಹಾಕಿದ್ದರು. ಅದರಲ್ಲಿ ಒಂದು ಕಡೆ ನಮ್ಮ ವ್ಯಾಪಾರ ಇಲಾಖೆಯ ಸಾಹೇಬರು, ಇನ್ನೊಂದು ಕಡೆ ಹನ್ನೊಂದು ದೇಶಗಳ ಪರವಾಗಿ ಒಬ್ಬ ಹೆಂಗಸು. ಬಿದ್ದಪ್ಪನವರು ಯಂತ್ರದ ಪಕ್ಕ ನಿಂತರು. ಕಿಟಕಿಯಾಚೆ ಹೆಂಗಸರ ಗುಂಪು. ಸುದರ್ಶನ್ ಮುಂದಿಟ್ಟ ಅಂಗಿಗಳೆಲ್ಲ ಹಸಿರಾದವು. ಆಮೇಲೆ ನಾನು ಆ ನೀಲಿ ಅಂಗಿ ತೆಗೆದೆ. "ಇದೂ ನಮ್ಮದೇ ಸಾ," ಎಂದು ಒಳಗಿಟ್ಟು ಗುಂಡಿ ಒತ್ತಿದೆ. ಈಗ ಬೀಳುತ್ತದೆ ನೋಡು ಕೆಂಪು, ಈಗ ಕೂಗುತ್ತದೆ ನೋಡು ಮೂಸಪ್ಪ!

ಎಂಬತ್ತಾರು ಎಂದು ಬಂತು.

ಹಸಿರು ದೀಪ ಉರಿಯಿತು.

ಬಿದ್ದಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಯಂತ್ರ ಕೆಟ್ಟಿದೆ," ಎಂದರು.

"ಕೆಟ್ಟಿಲ್ಲ ಡಾಕ್ಟರೇ," ಎಂದರು ಪರದೆಯಲ್ಲಿದ್ದ ನಮ್ಮ ಸಾಹೇಬರು. "ನಿನ್ನೆ ಸಂಜೆ ಮಿತಿ ಬದಲಾಗಿದೆ, ಯಂತ್ರಕ್ಕೂ ಇಲ್ಲಿಂದಲೇ ಹಾಕಿದ್ದೇವೆ. ಇನ್ನು ಮೇಲೆ ತೊಂಬತ್ತು. ಅವರಲ್ಲಿ ಹಬ್ಬದ ಸೀಸನ್, ಅಂಗಡಿಗಳು ಖಾಲಿ ಹೊಡೀತಿವೆ. ನಮ್ಮ ರಫ್ತೂ ಏರಬೇಕು. ಎರಡೂ ಕಡೆಯವರು ಕೂತು, ಮಾನವ ಹಕ್ಕು, ಆರ್ಥಿಕ ಹಿತ ಎರಡನ್ನೂ ತೂಗಿ ನೋಡಿ ತೀರ್ಮಾನ ಮಾಡಿದ್ದೇವೆ."

"ಮೂವತ್ತು ಅನ್ನೋದು ಮನುಷ್ಯನ ಮೈ ಹೇಳಿದ್ದು ಸಾರ್! ಅದನ್ನ ಕೂತು ತೀರ್ಮಾನ ಮಾಡೋಕೆ ಬರುತ್ತಾ?"

"ಒಪ್ಪಂದವೇ ಮುರಿದುಬಿದ್ದರೆ ಮನುಷ್ಯನ ಮೈಗೆ ಊಟ ಎಲ್ಲಿಂದ ಬರುತ್ತೆ ಡಾಕ್ಟರೇ?"

ಆ ಹೆಂಗಸು ಏನೋ ನಗುತ್ತಾ ಹೇಳಿದರು, ಪರದೆ ಆರಿತು. ಸುದರ್ಶನ್ ಚಪ್ಪಾಳೆ ತಟ್ಟಿ ಲಾಡು ಹಂಚಲು ಹೇಳಿದರು. ಬಿದ್ದಪ್ಪನವರು ಯಾರಿಗೂ ಹೇಳದೆ ಕಾರು ಹತ್ತಿದರು. ನನಗೆ ಯಂತ್ರವನ್ನು ಒದ್ದು ಬೀಳಿಸಬೇಕು ಎನಿಸಿತು. ತೂಗಿ ನೋಡಿದರಂತೆ! ಎಂಬತ್ತಾರು ಎಂದರೆ ಎಷ್ಟು ಭಾರ ಎಂದು ಅವರಲ್ಲಿ ಒಬ್ಬನಾದರೂ ಆ ಲಿಫ್ಟಿನಲ್ಲಿ ಇಳಿದು ನೋಡಿದ್ದನೇ?

ಲಾಡು ಕೈಯಲ್ಲಿ ಹಿಡಿದು ದೇವೀರಮ್ಮ ನನ್ನ ಹತ್ತಿರ ಬಂದಳು. "ಚಲುವ, ದೀಪದ ಬಣ್ಣ ಬದ್ಲಾಯ್ತು. ಅಂಕಿ ಬದ್ಲಾಯ್ತಾ?"

"ಇಲ್ಲ ಕನಕ್ಕ. ಅದು ಅಷ್ಟೇ ಅದೆ."

"ಹಂಗಾದ್ರೆ ದೀಪ ಅವ್ರೇ ಮಡೀಕಳ್ಳಿ. ಅಂಕಿ ನಾವು ಬರೀಮ."

ಅಕ್ಕನಿಗೆ ಥಟ್ಟನೆ ಹೊಳೆಯಿತು. ಕಫ್ಫನ್ನು ತೋಳಿಗೆ ಜೋಡಿಸುವುದು ನಮ್ಮ ಲೈನುಗಳಲ್ಲೇ. ಜೋಡಿಸುವ ಮುಂಚೆ ಒಳಮಗ್ಗುಲಲ್ಲಿ ಕೆಂಪು ನೂಲಿನಿಂದ ಎಂಟು, ಆರು ಎಂದು ಹೊಲಿಯುವುದು. ತೊಟ್ಟವನು ಮುಂಗೈ ಗುಂಡಿ ಹಾಕುವಾಗ ದಿನಾ ಕಾಣಬೇಕು. ಆ ಸಲದ ಸರಕಿಗೆಲ್ಲ ಹಾಗೇ ಹೊಲಿದರು. ಅಬ್ಬಾ, ಆ ಮಿಷಿನ್ನುಗಳ ಸದ್ದು! ಲೈನಿಗೆ ಲೈನೇ ಮೈಮೇಲೆ ಬಂದವರಂತೆ ಹೊಲಿಯಿತು. ಸೂಪರ್‌ವೈಸರುಗಳು ಇವರಿಗೇನು ಬಂತು ಎಂದು ಖುಷಿಪಟ್ಟರು.

ಸುದರ್ಶನ್ ಕಣ್ಣಿಗೆ ಅದು ಬಿದ್ದಾಗ ಕೊನೆಯ ಪೆಟ್ಟಿಗೆಗಳು ಮುಚ್ಚುತ್ತಿದ್ದವು, ಲಾರಿ ಬಾಗಿಲಲ್ಲಿತ್ತು. ಅಂಗಿಯೊಂದನ್ನು ಹಿಡಿದು ಲೈನಿನ ನಡುವೆ ಬಂದರು. ಆವತ್ತು ಮೆತ್ತಗೆ ಮಾತಾಡಲಿಲ್ಲ.

"ಯಾರ ಐಡಿಯಾ ಇದು? ಅಲ್ಲಿನವರು ಇದನ್ನ ನೋಡಿದರೆ ಆರ್ಡರ್ ಹೋಗುತ್ತೆ. ನಾವು ಇಲ್ಲಿ ಬಾಗಿಲು ಹಾಕಿ ಬೇರೆ ದೇಶಕ್ಕೆ ಹೋಗ್ತೀವಿ. ನಿಮ್ಮ ಮಕ್ಕಳಿಗೆ ಈ ನಂಬರ್ ತಿನ್ನಿಸ್ತೀರಾ?" ಆಮೇಲೆ ಉಸಿರು ತೆಗೆದುಕೊಂಡು, "ಈಗಲೇ ಎಲ್ಲ ಬಿಚ್ಚಿ. ಬಿಚ್ಚಿದರೆ ನೆಲಮಾಳಿಗೆ ಲೈನು ನಿಲ್ಲಿಸ್ತೀನಿ. ಆ ಹುಡುಗೀರು ಮೇಲೆ ಬರಲಿ. ಅದೇ ತಾನೇ ನಿಮಗೆ ಬೇಕಾಗಿರೋದು?"

ಲೈನು ಗುಜುಗುಜು ಎಂದಿತು. ಸುಳ್ಳು ಹೇಳಬಾರದು, ಅರ್ಧ ಜನ ಬಿಚ್ಚೋಣ ಎಂದರು. "ಬಾಗ್ಲು ತೆಗೆದ್ರೆ ಸಾಕಲ್ಲಕ್ಕಾ, ನಂಗೆ ಎರಡು ಮಕ್ಳು," ಎಂದು ಒಬ್ಬಳು ಅತ್ತೇಬಿಟ್ಟಳು. ಅವಳ ಮಾತಿನಲ್ಲಿ ತಪ್ಪೇನಿತ್ತು? ದೇವೀರಮ್ಮನಂಥ ದೇವೀರಮ್ಮನೇ ಅವಳ ಬೆನ್ನು ಸವರುತ್ತಾ ನಿಂತಳು.

ಅಕ್ಕ ಎದ್ದು ನಿಂತಳು. "ಸಾ, ಆ ಅಂಕಿ ನಮ್ದಲ್ಲ, ನಿಮ್ದೂ ಅಲ್ಲ. ಕೆಳಗಿರೋರ್ದು. ಬಿಚ್ಚಬೇಕೋ ಬೇಡ್ವೋ, ಅವ್ರನ್ನ ಕೇಳಿ."

"ಅವರನ್ನೇನು ಕೇಳೋದು?"

"ಕೇಳ್ದೆ ನಾವು ಕತ್ತರಿ ಮುಟ್ಟಲ್ಲ."

ಹೊರಗೆ ಲಾರಿ ಹಾರನ್ ಹೊಡೆಯಿತು. ಹಡಗು ಯಾರಿಗೂ ಕಾಯುವುದಿಲ್ಲ, ಅದು ಸುದರ್ಶನ್‌ಗೆ ನಮಗಿಂತ ಚೆನ್ನಾಗಿ ಗೊತ್ತು. ಬೀಗದ ಕೈ ನನ್ನತ್ತ ಎಸೆದರು. ನಾನು ಓಡಿದೆ. ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ. ಬಾಗಿಲು ತೆಗೆದಾಗ ಮೊದಲು ಒಬ್ಬಳೂ ಏಳಲಿಲ್ಲ, ಇದು ಯಾವ ಹೊಸ ಆಟವೋ ಎಂಬಂತೆ ನೋಡಿದರು. ಆಮೇಲೆ ಮಾಳಮ್ಮ ಎದ್ದಳು. ಅವಳ ಹಿಂದೆ ಎಲ್ಲರೂ ಸಾಲಾಗಿ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಮೇಲೆ ಬಂದರು.

ಅಕ್ಕ ಒಂದು ಅಂಗಿಯ ಕಫ್ ಮಗುಚಿ ಮಾಳಮ್ಮನ ಕೈಗಿಟ್ಟಳು. ಸುದರ್ಶನ್ ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಬಿಚ್ಚಿದರೆ ಏನಾಗುತ್ತದೆ, ಬಿಚ್ಚದಿದ್ದರೆ ಏನಾಗಬಹುದು, ಎರಡನ್ನೂ.

ಮಾಳಮ್ಮ ಕೆಂಪು ನೂಲಿನ ಮೇಲೆ ಬೆರಳಾಡಿಸಿದಳು.

"ಇದು ನಮ್ಮದೇನ್ರಿ ಅಕ್ಕಾ?"

"ಹೂಂ ಕನವ್ವ. ನಿಮ್ದೇ."

"ಎಷ್ಟರಾಗ ಎಷ್ಟ್ರಿ ಇದು?"

"ನೂರ್ರಲ್ಲಿ," ಎಂದೆ ನಾನು.

"ಎಂಬತ್ತಾರ? ಇಷ್ಟ ಏನ್ರಿ?" ಹಿಂದೆ ನಿಂತವರತ್ತ ತಿರುಗಿದಳು. "ಏನ್ರವ್ವಾ, ಕಮ್ಮಿ ಆಯ್ತು ಅನಸಂಗಿಲ್ಲ?"

ಯಾರೋ ಕಿಸಕ್ಕೆಂದರು. ಆಮೇಲೆ ಆ ನೆಲಮಾಳಿಗೆಯ ಹುಡುಗಿಯರೆಲ್ಲ ನಕ್ಕರು ನೋಡಿ, ಹೊಟ್ಟೆಯಿಂದ, ತಡೆಯಿಲ್ಲದೆ. ಆ ನಗುವಿಗೆ ಮಕ್ಕಳ ಮಾತಾಡಿ ಅತ್ತವಳೂ ಕಣ್ಣೊರೆಸಿಕೊಂಡು ನಕ್ಕಳು.

ಮಾಳಮ್ಮ ಸುದರ್ಶನ್ ಮುಂದೆ ಹೋಗಿ ನಿಂತಳು. "ಬಿಚ್ಚಂಗಿಲ್ರಿ ಸಾಹೇಬ್ರ. ತೊಡೋರಿಗೆ ನಾವು ಇದ್ದೀವಿ ಅಂತಾದ್ರೂ ಗೊತ್ತಾಗ್ಲಿ. ಕಳಸ್ತೀರೋ, ಇಟ್ಕೋತೀರೋ, ಅದು ನಿಮ್ಮ ಲೆಕ್ಕ. ನಾವಂತೂ ತಿರುಗಿ ಕೆಳಗ ಇಳಿಯಂಗಿಲ್ಲ."

ಹಾರನ್ ಮತ್ತೆ ಹೊಡೆಯಿತು. ಸುದರ್ಶನ್ ಲಾರಿಯತ್ತ ನೋಡಿದರು, ಪೆಟ್ಟಿಗೆಗಳತ್ತ ನೋಡಿದರು, ಅಲುಗದೆ ನಿಂತ ನಮ್ಮನ್ನು ನೋಡಿದರು. ಅವರೂ ತೂಗಿದರು ಎಂದು ಕಾಣುತ್ತದೆ. ಸರಕು ಇಲ್ಲೇ ಕೊಳೆತರೆ ನಷ್ಟ ಇವತ್ತೇ. ಅಲ್ಲಿ ಯಾರಾದರೂ ಕಫ್ ಮಗುಚಿ ನೋಡಿದರೆ ಆಮೇಲಿನ ಮಾತು.

"ಲೋಡ್ ಮಾಡ್ರಿ," ಎಂದರು, ಯಾರ ಮುಖವನ್ನೂ ನೋಡದೆ.

ಪೆಟ್ಟಿಗೆಗಳನ್ನು ಹೊತ್ತು ಓಡಿದೆವು. ಮಾಳಮ್ಮ ಕೈಯಲ್ಲಿದ್ದ ಅಂಗಿಯನ್ನು ಮಡಚಿದಳು, ಕಫ್ ಎರಡೂ ಮೇಲೆ ಬರುವ ಹಾಗೆ, ಅಂಕಿ ಕಾಣುವ ಹಾಗೆ. ಕೊನೆಯ ಪೆಟ್ಟಿಗೆಯಲ್ಲಿ ಅದನ್ನು ಎಲ್ಲಕ್ಕಿಂತ ಮೇಲಿಟ್ಟು, ಟೇಪು ಎಳೆದು, ತಾನೇ ಅದನ್ನು ಲಾರಿಗೆ ಎತ್ತಿಕೊಟ್ಟಳು.